ಆವತಿಯ ಬಂಡಿಗಳೂ ಶೆಕೆಮಿನ ಊರಬಾಗಿಲೂ

ಹೊಸಕೋಟೆಯ ಪಾಳೆಯಗಾರರ ಮೂಲವನ್ನರಸಿ ಹೊರಟರೆ ಮೊದಲು ದೊರೆಯುವುದು ಯುದ್ಧದ ವಾರ್ತೆಯಲ್ಲ, ಹೆಣ್ಣು ಕೇಳಿದ ವಾರ್ತೆ. ಕಂಚಿಯ ಸೀಮೆಯಲ್ಲಿದ್ದ ಮೊರಸು ಒಕ್ಕಲಿಗರ ಮುಖಂಡ ರಣಭೈರೇಗೌಡನ ಮಗಳು ದೊಡ್ಡಮ್ಮನನ್ನು ಅನ್ಯಕುಲದ ಬಲಿಷ್ಠ ನಾಯಕನೊಬ್ಬನು ಬಯಸಿದನೆಂದೂ, ಒಪ್ಪಿದರೆ ಕುಲಕ್ಕೆ ಕುಂದು, ಒಲ್ಲೆನೆಂದರೆ ಪ್ರಾಣಕ್ಕೆ ಕುತ್ತೆಂದು ಬಗೆದ ಬಂಧುಗಳು ಬಂಡಿ ಹೂಡಿ ಹೊರಟರೆಂದೂ ಐತಿಹ್ಯವುಂಟು. ತುಂಬಿ ಹರಿಯುತ್ತಿದ್ದ ಪಾಲಾರಿಗೆ ದೊಡ್ಡಮ್ಮನು ಕಿವಿಯ ಆಭರಣವನ್ನರ್ಪಿಸಲು ಹೊಳೆಯು ಇಬ್ಭಾಗವಾಯಿತಂತೆ. 15ನೆಯ ಶತಮಾನದ ಆದಿಭಾಗದಲ್ಲಿ ಅವರು ಆವತಿಯಲ್ಲಿ ನೆಲಸಿದರು.

ಯೆಹೂದ್ಯರ ಪವಿತ್ರಗ್ರಂಥದ ಆದಿಕಾಂಡ, 34ನೆಯ ಅಧ್ಯಾಯದಲ್ಲಿ ಇಂಥದೇ ಸಂಕಟವಿದೆ. ಯಾಕೋಬನ ಮಗಳಾದ ದೀನಳನ್ನು ಶೆಕೆಮನು ಕೆಡಿಸಿದ ಮೇಲೆ ಅವನ ತಂದೆ ಹಮೋರನು ಸಂಧಾನಕ್ಕೆ ಬರುತ್ತಾನೆ. ಅವನು ಕೇಳುವುದು ಒಂದು ಹೆಣ್ಣನ್ನು. ಮುಂದಿಡುವುದು ಕೊಟ್ಟುತರುವ ಸಂಬಂಧ, ವಾಸಕ್ಕೆ ನೆಲ, ವ್ಯಾಪಾರಕ್ಕೆ ಅವಕಾಶ. ಆದರೆ ತನ್ನ ಊರಬಾಗಿಲಿನಲ್ಲಿ ಪಟ್ಟಣಿಗರನ್ನು ಒಪ್ಪಿಸುವಾಗ ಆಡಿದ ಮಾತೇ ಬೇರೆ: ಆ ವಲಸೆಗಾರರ ದನಕರುಗಳೆಲ್ಲವೂ ಕಡೆಗೆ ನಮ್ಮವೇ ಆಗುವುವಲ್ಲವೆ ಎಂದು. ಎದುರುಪಕ್ಷವೂ ಕಪಟದಲ್ಲಿ ಹಿಂದುಳಿಯಲಿಲ್ಲ. ಊರಿನ ಗಂಡಸರೆಲ್ಲರೂ ಸುನ್ನತಿ ಮಾಡಿಸಿಕೊಳ್ಳಬೇಕೆಂದು ಕಟ್ಟುಮಾಡಿ, ಮೂರನೆಯ ದಿನ ಅವರು ನೋವಿನಲ್ಲಿದ್ದಾಗ ಸಿಮೆಯೋನನೂ ಲೇವಿಯೂ ನುಗ್ಗಿ ಕೊಂದರು. ಯಾಕೋಬನ ಆಕ್ಷೇಪಣೆಯಲ್ಲಿ ಧರ್ಮಾಧರ್ಮಗಳ ವಿಚಾರಕ್ಕಿಂತ, ನಾವು ಸ್ವಲ್ಪ ಮಂದಿ, ನೆರೆಯವರು ಒಂದುಗೂಡಿದರೆ ಗತಿಯೇನೆಂಬ ಲೆಕ್ಕಾಚಾರವೇ ಹೆಚ್ಚು. ದೀನಳಾದರೋ ಅಧ್ಯಾಯದುದ್ದಕ್ಕೂ ಒಂದು ಮಾತನ್ನೂ ಆಡುವುದಿಲ್ಲ. ದೊಡ್ಡಮ್ಮನ ಪಾಲಿಗೆ ಹೊಳೆಯೊಡನೆಯಾದರೂ ಮಾತಿತ್ತು.

ಆವತಿಯವರು ಕತ್ತಿಗೆ ಬದಲಾಗಿ ನೆಲವನ್ನೇ ತೆತ್ತರು. ಆ ಪಾಠವನ್ನು ಅವರ ಸಂತತಿಯು ಮರೆತಂತೆ ತೋರುವುದಿಲ್ಲ. ದೇವನಹಳ್ಳಿ, ಚಿಕ್ಕಬಳ್ಳಾಪುರ, ಯಲಹಂಕ, ಸುಗಟೂರುಗಳಿಗೆ ಕವಲೊಡೆದ ಈ ಮನೆತನಗಳು ವಿಜಯನಗರದ ಆಶ್ರಯದಲ್ಲಿ ಬೆಳೆದುವು. ಸುಗಟೂರಿನ ಗೌಡನು ರಾಯರಿಗೆ ಸಲ್ಲಿಸಿದ ಸೇವೆಗಾಗಿ ‘ಚಿಕ್ಕರಾಯ’ನೆಂಬ ಬಿರುದನ್ನು ಪಡೆದನು. ಅದೇ ವಂಶದ ತಮ್ಮೇಗೌಡನು ಸುಮಾರು 1595ರಲ್ಲಿ ಕೋಟೆಯನ್ನೂ ದೊಡ್ಡ ಕೆರೆಯನ್ನೂ ಕಟ್ಟಿಸಿದನು. ಕೋಲಾರದ ಹಳೆಯ ಕೋಟೆಯಿದ್ದುದರಿಂದ ಇದು ಹೊಸಕೋಟೆಯಾಯಿತು. 1565ರ ಸೋಲಿನಿಂದ ರಾಯರ ಬಲ ಕುಂದಿದ್ದರೂ ಅವರಿತ್ತ ಬಿರುದಿಗೆ ನೆರೆಹೊರೆಯ ಗೌಡರ ನಡುವೆ ಬೆಲೆಯಿದ್ದೇ ಇತ್ತು.

1638ರಲ್ಲಿ ಬಿಜಾಪುರದ ರಣದುಲ್ಲಾಖಾನನ ದಂಡು ಬಂದಿತು. ಬೆಂಗಳೂರನ್ನು ಬಿಟ್ಟುಕೊಟ್ಟ ಕೆಂಪೇಗೌಡನ ವಂಶದವನು ಮಾಗಡಿಗೆ ಸರಿದನು. ಹೊಸಕೋಟೆ, ಕೋಲಾರಗಳು ಶಹಾಜಿಯ ಜಹಗೀರಿಗೆ ಸೇರಿದುವು. ಸುಗಟೂರಿನವರಿಗೆ ಆನೇಕಲ್ಲು ಉಳಿಯಿತು.