ನಡುವಿನವನು ಮೋಸ ಮಾಡಿದರೆ ಹೊಣೆ ಯಾರದು?



ಸಂಘದ ಹುಟ್ಟು, ಬೆಳವಣಿಗೆ, ಠೇವಣಿ, ಲಾಭಾಂಶದ ವಿಚಾರವನ್ನು ಈ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಬೇರೆಯವರು ಬರೆದಿದ್ದಾರೆ. ನಾವು ಬರೆಯಲು ಹೊರಟಿರುವುದು ಅರಳಿಕಟ್ಟೆಯಲ್ಲಿ ಆಗಾಗ ಏಳುವ ಒಂದು ಪ್ರಶ್ನೆಯ ಇತಿಹಾಸ. ಸಾಲ ಕೊಡುವವರು ಒಬ್ಬರು, ತೆಗೆದುಕೊಳ್ಳುವವರು ಇನ್ನೊಬ್ಬರು. ನಡುವೆ ನಿಂತು ಅರ್ಜಿ ಬರೆಸುವವನು, ಹೆಬ್ಬೆಟ್ಟು ಒತ್ತಿಸುವವನು, ಮನೆಬಾಗಿಲಿಗೆ ಬಂದು ಕಂತು ತಗೊಂಡು ಹೋಗುವವನು ಮತ್ತೊಬ್ಬ. ಆ ನಡುವಿನವನು ದುಡ್ಡು ನುಂಗಿದರೆ ಯಾರು ಕಟ್ಟಿಕೊಡಬೇಕು? "ಸಾಲ ಕೊಟ್ಟವರೇ ಕೊಡಲಿ" ಅಂತ ಕೆಲವರು, "ನಂಬಿದವನ ಹಣೆಬರಹ" ಅಂತ ಕೆಲವರು. ಎರಡೂ ಪೂರ್ತಿ ಸರಿಯಲ್ಲ.

ಈ ವ್ಯಾಜ್ಯ ಹಳೆಯದು. 1867ರಲ್ಲಿ ಇಂಗ್ಲೆಂಡಿನಲ್ಲಿ ಬಾರ್ವಿಕ್ ಎಂಬವರು ಒಂದು ಬ್ಯಾಂಕಿನ ಮೇಲೆ ಹೂಡಿದ್ದ ದಾವೆ ತೀರ್ಮಾನವಾಯಿತು. ಅವರು ಸರ್ಕಾರದ ಒಬ್ಬ ಗುತ್ತಿಗೆದಾರನಿಗೆ ಓಟ್ಸ್ ಎಂಬ ಧಾನ್ಯವನ್ನು ಉದ್ರಿಯಾಗಿ ಕೊಡುತ್ತಿದ್ದರು. ಸರ್ಕಾರದಿಂದ ಹಣ ಬಂದ ಕೂಡಲೇ ಬ್ಯಾಂಕಿನ ಬಾಕಿ ಒಂದನ್ನು ಬಿಟ್ಟು ಮಿಕ್ಕೆಲ್ಲದಕ್ಕಿಂತ ಮೊದಲು ನಿಮ್ಮ ಚೆಕ್ಕು ಪಾಸು ಮಾಡುತ್ತೇವೆ ಅಂತ ಬ್ಯಾಂಕಿನ ಮ್ಯಾನೇಜರು ಬರೆದುಕೊಟ್ಟ. ಆ ಗುತ್ತಿಗೆದಾರ ಬ್ಯಾಂಕಿಗೇ 12,000 ಪೌಂಡಿಗೂ ಮೇಲೆ ಬಾಕಿ ಇದ್ದಾನೆ ಎಂಬುದನ್ನು ಮಾತ್ರ ಬಾಯಿ ಬಿಡಲಿಲ್ಲ. ಹಣ ಬಂತು, ಬ್ಯಾಂಕು ತನ್ನ ಸಾಲಕ್ಕೆ ಮುರಿದುಕೊಂಡಿತು, ಓಟ್ಸ್ ಕೊಟ್ಟವರಿಗೆ ಬರಿಗೈ. ಮ್ಯಾನೇಜರು ಬ್ಯಾಂಕಿನ ಕೆಲಸದಲ್ಲಿ, ಬ್ಯಾಂಕಿನ ಲಾಭಕ್ಕೆ ಮೋಸ ಮಾಡಿದರೆ ಅದು ಬ್ಯಾಂಕಿನ ತಲೆಗೇ ಬರುತ್ತದೆ ಎಂದು ನ್ಯಾಯಾಲಯ ಹೇಳಿತು.

ನೌಕರ ತನ್ನ ಜೇಬಿಗೇ ಇಳಿಸಿಕೊಂಡರೆ? ಇದಕ್ಕೆ ಉತ್ತರ ಸಿಗಲು 1912 ಬರಬೇಕಾಯಿತು. ಲಾಯ್ಡ್ ಎಂಬ ವಿಧವೆ ತನ್ನ ಎರಡು ಮನೆಗಳ ವಿಚಾರ ಕೇಳಲು ವಕೀಲರ ಕಚೇರಿಗೆ ಹೋದರು. ಅಲ್ಲಿನ ಗುಮಾಸ್ತ ಎರಡು ಕಾಗದಗಳಿಗೆ ಸಹಿ ಹಾಕಿಸಿ ಆಸ್ತಿಯನ್ನು ತನ್ನ ಹೆಸರಿಗೇ ಮಾಡಿಕೊಂಡ. ವಕೀಲರಿಗೆ ಒಂದು ಕಾಸೂ ಲಾಭವಿಲ್ಲ, ವಿಷಯವೂ ಗೊತ್ತಿಲ್ಲ. ಆದರೂ ಅವರೇ ಹೊಣೆ ಎಂದು ಅಲ್ಲಿನ ಅತ್ಯುನ್ನತ ನ್ಯಾಯಪೀಠ ತೀರ್ಪಿತ್ತಿತು. ಆ ಗುಮಾಸ್ತನನ್ನು ಗಿರಾಕಿಗಳ ಮುಂದೆ ಕುರ್ಚಿ ಹಾಕಿ ಕೂರಿಸಿದವರು ಅವರೇ ತಾನೆ!

ನಮ್ಮ ದೇಶದ 1872ರ ಕರಾರು ಕಾಯಿದೆಯ 238ನೇ ಕಲಮು ಇದನ್ನೇ ಹೇಳುತ್ತದೆ. ಏಜೆಂಟನು ಯಜಮಾನನ ವ್ಯವಹಾರ ನಡೆಸುವಾಗ ಮಾಡಿದ ಮೋಸ, ಆ ಕರಾರಿನ ಮಟ್ಟಿಗೆ, ಯಜಮಾನನೇ ಮಾಡಿದಂತೆ. ಏಜೆಂಟನ ಅಧಿಕಾರಕ್ಕೆ ಸೇರದ ವಿಷಯದಲ್ಲಿ ಆದ ಮೋಸ ಯಜಮಾನನಿಗೆ ತಟ್ಟುವುದಿಲ್ಲ. ಸುಳ್ಳು ಹೇಳಿ ಸಾಲಪತ್ರ ಬರೆಸಿಕೊಂಡಿದ್ದರೆ ಸಾಲಗಾರ ಅದನ್ನು ರದ್ದು ಮಾಡಿಸಬಹುದು, ಆದರೆ ತನ್ನ ಕೈಗೆ ನಿಜವಾಗಿ ಬಂದ ಹಣವನ್ನು ವಾಪಸು ಕೊಡಬೇಕು. ಇದನ್ನು ನಮ್ಮ ಜನ ಮರೆಯುತ್ತಾರೆ. ಮೋಸ ಸಾಬೀತಾದರೆ ಸಾಲವೆಲ್ಲ ಮಾಫಿ ಅಂತ ಯಾರೂ ತಿಳಿಯಬಾರದು.

ಅಧಿಕಾರದ ಗೆರೆ ಎಲ್ಲಿದೆ ಅಂತ ತಿಳಿಯಲು 1978ರ ಸುಪ್ರೀಂ ಕೋರ್ಟಿನ ಶ್ಯಾಮಾದೇವಿ ಪ್ರಕರಣ ನೋಡಬೇಕು. ಅಲಹಾಬಾದಿನ ಇಂಪೀರಿಯಲ್ ಬ್ಯಾಂಕಿನಲ್ಲಿ (1955ರಲ್ಲಿ ಅದೇ ಸ್ಟೇಟ್ ಬ್ಯಾಂಕ್ ಆಯಿತು) ಆಕೆಯ ಖಾತೆ ಇತ್ತು. ಗಂಡನ ಸ್ನೇಹಿತನೊಬ್ಬ ಅದೇ ಬ್ಯಾಂಕಿನ ನೌಕರ. ಜಮಾ ಮಾಡು ಅಂತ ಹಣ ಅವನ ಕೈಗೆ ಹೋಯಿತು. ಅವನು ಪಾಸ್‌ಬುಕ್ಕಿನಲ್ಲಿ ಸುಳ್ಳು ಬರೆದು ಹಣ ಹೊಡೆದ. ಹೈಕೋರ್ಟು ಆಕೆಯ ಕಡೆಗಿತ್ತು. ಸುಪ್ರೀಂ ಕೋರ್ಟು ಮಾತ್ರ, ಅವನು ಹಣ ತೆಗೆದುಕೊಂಡದ್ದು ಸ್ನೇಹಿತನಾಗಿ, ಬ್ಯಾಂಕಿನ ಕೆಲಸದ ಮೇಲಲ್ಲ, ಆದ್ದರಿಂದ ಬ್ಯಾಂಕು ಹೊಣೆಯಲ್ಲ ಎಂದಿತು. ಆ ಹೆಣ್ಣುಮಗಳ ಬಗ್ಗೆ ನಮಗೆ ಮರುಕವಾಗುತ್ತದೆ. ಹಳ್ಳಿಯಲ್ಲಿ ಸ್ನೇಹ ಯಾವುದು, ಕೆಲಸ ಯಾವುದು ಅಂತ ಗೆರೆ ಎಳೆಯುವವರು ಯಾರು? ಸೆಕ್ರೆಟರಿ ನಮಗೆ ಭಾವ ಆಗಬೇಕು, ಗುಮಾಸ್ತ ದಾಯಾದಿ. ಆದರೆ ಕೋರ್ಟು ಕೌಂಟರನ್ನು ನೋಡುತ್ತದೆ, ನೆಂಟಸ್ತನವನ್ನಲ್ಲ.

ಹೆಬ್ಬೆಟ್ಟಿನ ವಿಚಾರಕ್ಕೆ ನಮ್ಮ ಮೈಸೂರು ಹೈಕೋರ್ಟಿನಿಂದಲೇ ಮೇಲೆ ಹೋದ ನಿಂಗವ್ವನ ಪ್ರಕರಣವಿದೆ (1968). ಅಲ್ಲಿ ಸಾಲ ಕೊಟ್ಟವರಾಗಲಿ ಏಜೆಂಟರಾಗಲಿ ಇರಲಿಲ್ಲ, ಗಂಡನೇ ಹೆಂಡತಿಯಿಂದ ದಾನಪತ್ರ ಬರೆಸಿಕೊಂಡಿದ್ದ. ಆದರೂ ಅಲ್ಲಿ ಹೇಳಿದ ಮಾತು ಸಾಲಪತ್ರಕ್ಕೂ ಸಲ್ಲುತ್ತದೆ. ಇದು ಯಾವ ಬಗೆಯ ಪತ್ರ ಎಂಬುದರಲ್ಲೇ ಸುಳ್ಳು ಹೇಳಿದ್ದರೆ ಪತ್ರವೇ ಅಸಿಂಧು. ಬಗೆ ಗೊತ್ತಿದ್ದು ಒಳಗೆ ಬರೆದದ್ದರಲ್ಲಿ ಮೋಸವಾಗಿದ್ದರೆ, ಅದು ತಿಳಿದ ದಿನದಿಂದ 3 ವರ್ಷದೊಳಗೆ ದಾವೆ ಹಾಕಿ ರದ್ದು ಮಾಡಿಸಬೇಕು. ನಿಂಗವ್ವ ಸೋತದ್ದು ಈ ವಾಯಿದೆ ಮೀರಿದ್ದರಿಂದ.

ಈಚಿನ ವರ್ಷಗಳಲ್ಲಿ ನಡುವಿನವರು ಹೆಚ್ಚಿದ್ದಾರೆ. ಹೊರಗಿನವರ ಕೈಲಿ ಕೆಲಸ ಮಾಡಿಸಿದರೂ ಕೊನೆಯ ಹೊಣೆ ಬ್ಯಾಂಕಿನದೇ, ವಸೂಲಿ ಏಜೆಂಟರೂ ಅದರಲ್ಲಿ ಸೇರಿದರು ಎಂದು ರಿಸರ್ವ್ ಬ್ಯಾಂಕು 2006ರಲ್ಲಿ ಹೇಳಿತು. ಮೊಬೈಲ್ ಸಾಲದ ಹಾವಳಿ ಎದ್ದಾಗ, 2022ರಲ್ಲಿ, ಸಾಲದ ಹಣ ಮಧ್ಯವರ್ತಿಯ ಖಾತೆಗೆ ಹೋಗದೆ ನೇರ ಸಾಲಗಾರನ ಖಾತೆಗೇ ಬೀಳಬೇಕು, ಮಧ್ಯವರ್ತಿಯ ಕಮಿಷನ್ನು ಸಾಲ ಕೊಟ್ಟವರೇ ಕೊಡಬೇಕು ಎಂಬ ನಿಯಮವೂ ಬಂತು. ಇವು ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳಿಗೆ. ನಮ್ಮಂಥ ಪ್ರಾಥಮಿಕ ಕೃಷಿ ಪತ್ತಿನ ಸಂಘ ನೇರವಾಗಿ ರಿಸರ್ವ್ ಬ್ಯಾಂಕಿನ ಅಡಿ ಬರುವುದಿಲ್ಲ. ಕರಾರು ಕಾಯಿದೆ ಮಾತ್ರ ನಮ್ಮನ್ನೂ ಬಿಡುವುದಿಲ್ಲ.

ಇಲ್ಲೇ ನಮ್ಮ ತೊಡಕು. ಬ್ಯಾಂಕು ಹೊಣೆ ಅಂದರೆ ಎಲ್ಲೋ ಇರುವ ಷೇರುದಾರನ ದುಡ್ಡು. ಸಂಘ ಹೊಣೆ ಅಂದರೆ? ಮೋಸ ಹೋದವರೂ ಸದಸ್ಯರು, ತುಂಬಿಕೊಡಬೇಕಾದವರೂ ಸದಸ್ಯರು. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ ಕಾಲಕ್ಕೆ, 1904ರ ಕಾಯಿದೆಯಂತೆ ಹಳ್ಳಿಯ ಸಂಘಗಳಲ್ಲಿ ಹೊಣೆಗೆ ಮಿತಿಯೇ ಇರಲಿಲ್ಲ. ಸಂಘ ಮುಳುಗಿದರೆ ಸದಸ್ಯನ ಮನೆ ಹೊಲಕ್ಕೂ ಬರುತ್ತಿತ್ತು. ಅದಕ್ಕೇ ಆಗಿನವರು ಯಾರ ಕೈಗೆ ಪೆಟ್ಟಿಗೆಯ ಬೀಗದಕೈ ಅಂತ ಕಣ್ಣಿಟ್ಟು ನೋಡುತ್ತಿದ್ದಿರಬೇಕು. ಈಗ ನಮ್ಮ ಹೊಣೆ ಷೇರಿನಷ್ಟೇ, ಕಣ್ಣೂ ಅಷ್ಟಕ್ಕೇ ಇಳಿದಿದೆ ಎಂಬುದು ನಮ್ಮ ಅನಿಸಿಕೆ. ನಿರ್ದೇಶಕರೂ ಪಾರಾಗುವುದಿಲ್ಲ. ಹಣ ದುರುಪಯೋಗವಾದರೆ ಅಥವಾ ಬೇಕೆಂದೇ ಅಲಕ್ಷ್ಯ ಮಾಡಿದ್ದರಿಂದ ನಷ್ಟವಾದರೆ, 1959ರ ನಮ್ಮ ಸಹಕಾರ ಸಂಘಗಳ ಕಾಯಿದೆಯ 69ನೇ ಕಲಮಿನಂತೆ ಹೊಣೆಗಾರರಿಂದಲೇ ವಸೂಲು ಮಾಡಬಹುದು.

ಆದ ಕಾರಣ ಮುಂದಿನ ಮಹಾಸಭೆಗೆ ನಾವು ಮೂರು ಸೂಚನೆ ಕೊಟ್ಟಿದ್ದೇವೆ. ಸಂಘದ ಪರವಾಗಿ ಹಣ ಪಡೆಯಲು ಯಾರಿಗೆ ಅಧಿಕಾರವಿದೆ ಎಂಬ ಹೆಸರುಗಳನ್ನು ಕಚೇರಿಯ ಹೊರಗೋಡೆಯ ಮೇಲೆ ಬಣ್ಣದಲ್ಲಿ ಬರೆಸುವುದು. ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ಮನೆಯ ಓದುಬಲ್ಲ ಒಬ್ಬರ ಎದುರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳುವುದು. ರಸೀದಿ ಪುಸ್ತಕಗಳ ಕ್ರಮಸಂಖ್ಯೆಯನ್ನು ತಿಂಗಳಿಗೊಮ್ಮೆ ಇಬ್ಬರು ನಿರ್ದೇಶಕರು ತಾಳೆ ನೋಡುವುದು. ಬಣ್ಣದ ಖರ್ಚು ಯಾವ ಬಾಬ್ತಿಗೆ ಹಾಕುವುದು ಅಂತ ಆಗಲೇ ಒಬ್ಬರು ಆಕ್ಷೇಪ ಎತ್ತಿದ್ದಾರೆ.