ಅಥೆನ್ಸಿನ ನಾಲ್ವರು

ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಕಾಲೇಜಿಗಾಗಿಯೇ ಹುಟ್ಟಿದ ಊರು. 1785ರಲ್ಲಿ ಸನದು ಪಡೆದ ಜಾರ್ಜಿಯಾ ವಿಶ್ವವಿದ್ಯಾಲಯಕ್ಕೆ ಒಕೋನಿ ನದಿಯ ಮೇಲಿನ ಗುಡ್ಡದಲ್ಲಿ ಜಾಗ ಸಿಕ್ಕಿತು, ಅದರ ಸುತ್ತ ಪೇಟೆ ಬೆಳೆಯಿತು. ಆಮೇಲೆ ಹತ್ತಿ ಗಿರಣಿ ಬಂತು, ರೈಲು ಬಂತು. ಅಗ್ಗದ ಬಾಡಿಗೆಯ ಹಳೇ ಮನೆಗಳು ಮತ್ತು ಚಿತ್ರಕಲೆ ಓದುವ ಹುಡುಗ ಹುಡುಗಿಯರು, ಇವೆರಡೂ ಇದ್ದದ್ದರಿಂದ 1970ರ ದಶಕದ ಕೊನೆಗೆ ಇಲ್ಲಿ ಮನೆಮನೆಯ ಪಾರ್ಟಿಗಳಲ್ಲಿ ಹೊಸ ಬಗೆಯ ರಾಕ್ ಮೊಳಗತೊಡಗಿತು. ಬಿ-52ಸ್ ತಂಡ 1977ರಲ್ಲಿ ಮೊದಲು ನುಡಿಸಿದ್ದು ಅಂಥದೊಂದು ಪಾರ್ಟಿಯಲ್ಲೇ. ಪೈಲಾನ್ ತಂಡದ ಡ್ರಮ್ ವಾದಕ ಕರ್ಟಿಸ್ ಕ್ರೋ ತನ್ನ ಕೋಣೆಯಲ್ಲಿ ಒಂದೇ ಒಂದು ನಲವತ್ತು ವಾಟಿನ ಬಲ್ಬು ಉರಿಸಿ ನಡೆಸಿದ ಕೂಟವೇ ಮುಂದೆ '40 ವಾಟ್' ಕ್ಲಬ್ಬಾಯಿತು.

ಆರ್.ಇ.ಎಂ. ತಂಡ ಕಾಲಿಟ್ಟದ್ದು ಹೀಗೆ ಹದಗೊಂಡ ಊರಿಗೆ.

ಪೀಟರ್ ಬಕ್ ಪೇಟೆಯ ವಕ್ಸ್‌ಟ್ರಿ ಎಂಬ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಒಳ್ಳೆಯ ರೆಕಾರ್ಡ್ ಬಂದರೆ ತನಗೆಂದು ಎತ್ತಿಡುತ್ತಿದ್ದ. ಅವನು ಆಸೆಯಿಂದ ಎತ್ತಿಟ್ಟಂಥವನ್ನೇ ಕೇಳಿಕೊಂಡು ಒಬ್ಬ ಗಿರಾಕಿ ಬರುತ್ತಿದ್ದ. ಅವನು ಮೈಕೆಲ್ ಸ್ಟೈಪ್. ಸೈನ್ಯದಲ್ಲಿದ್ದ ತಂದೆಯ ವರ್ಗಾವಣೆಗಳ ಜೊತೆ ಜರ್ಮನಿಯವರೆಗೂ ಸುತ್ತಿ, ಕೊನೆಗೆ ಕಲೆ ಓದಲು ಅಥೆನ್ಸಿಗೆ ಬಂದಿದ್ದ ಸಂಕೋಚದ ಹುಡುಗ. ಇಬ್ಬರ ರುಚಿ ಕೂಡಿತು. ಒಕೋನಿ ರಸ್ತೆಯ ಪಾಳುಬಿದ್ದ ಸೇಂಟ್ ಮೇರಿ ಚರ್ಚಿನಲ್ಲಿ ಬಾಡಿಗೆಗೆ ಇದ್ದುಕೊಂಡು ಹಾಡು ಕಟ್ಟಲು ಕೂತರು.

ಬಾಸ್ ಗಿಟಾರಿನ ಮೈಕ್ ಮಿಲ್ಸ್, ಡ್ರಮ್ಮಿನ ಬಿಲ್ ಬೆರಿ ಇಬ್ಬರೂ ಮೇಕನ್ ಊರಿನಿಂದ ಬಂದವರು. ಶಾಲೆಯಲ್ಲಿ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ. ಸಂಗೀತವೇ ಅವರ ಮುನಿಸು ಬಿಡಿಸಿತು. 1980ರ ಏಪ್ರಿಲ್ 5ರಂದು ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆ ನಾಲ್ವರೂ ಅದೇ ಚರ್ಚಿನಲ್ಲಿ ಮೊದಲ ಸಲ ಜನರೆದುರು ನುಡಿಸಿದರು. ಕಟ್ಟಡವನ್ನು 1990ರಲ್ಲಿ ಕೆಡವಿದರು. ಗೋಪುರ ಮಾತ್ರ ಇಂದಿಗೂ ನಿಂತಿದೆ.

ಹೆಸರು ಬಂದ ಮೇಲೂ ಊರನ್ನು ಅವರು ಕೈಬಿಡಲಿಲ್ಲ. 1983ರ 'ಮರ್ಮರ್' ಆಲ್ಬಮ್ಮಿನ ಹೊದಿಕೆ ನೋಡಿದರೆ ಸಾಕು. ಮುಂದೆ ಕುಡ್ಜು ಬಳ್ಳಿ. ಮಣ್ಣು ಕೊಚ್ಚಿಹೋಗದಿರಲೆಂದು ದಕ್ಷಿಣದ ರಾಜ್ಯಗಳಲ್ಲಿ ಸರ್ಕಾರವೇ ನೆಡಿಸಿದ ಈ ಜಪಾನಿ ಬಳ್ಳಿ ಮರ, ಕಂಬ, ಪಾಳುಮನೆ ಯಾವುದನ್ನೂ ಬಿಡದೆ ಹಬ್ಬಿ ಬೇಸಿಗೆಯಲ್ಲಿ ದಿಬ್ಬಕ್ಕೆ ದಿಬ್ಬವನ್ನೇ ಹಸಿರು ಕಂಬಳಿಯಂತೆ ಹೊದ್ದಿಸಿಬಿಡುತ್ತದೆ. ಹಿಂದೆ ಅಥೆನ್ಸಿನದೇ ಮರದ ರೈಲು ಸೇತುವೆ. ಸ್ಟೈಪ್‌ನ ಮಾತು ಅರ್ಧಕ್ಕರ್ಧ ಕೇಳಿಸದ, ಬಕ್‌ನ ತಂತಿಗಳು ಒಂದೊಂದಾಗಿ ಮಿಡಿಯುವ ಆ ಹಾಡುಗಳಿಗೆ ಇದಕ್ಕಿಂತ ಒಪ್ಪುವ ಚಿತ್ರವಿಲ್ಲ. ಮೈಕೆಲ್ ಜಾಕ್ಸನ್‌ನ 'ಥ್ರಿಲ್ಲರ್' ಮನೆಮನೆ ತುಂಬಿದ್ದ ವರ್ಷ ಅದು. ರೋಲಿಂಗ್ ಸ್ಟೋನ್ ಪತ್ರಿಕೆ ವರ್ಷದ ಆಲ್ಬಮ್ ಎಂದು ಆರಿಸಿದ್ದು 'ಮರ್ಮರ್' ಅನ್ನು.

1991ರಲ್ಲಿ ಬಕ್ ಮ್ಯಾಂಡೊಲಿನ್ ಹಿಡಿದು ನುಡಿಸಿದ 'ಲೂಸಿಂಗ್ ಮೈ ರಿಲಿಜನ್' ಅಮೆರಿಕದ ಪಟ್ಟಿಯಲ್ಲಿ 4ನೇ ಸ್ಥಾನಕ್ಕೇರಿತು. ಮರುವರ್ಷದ ಆಲ್ಬಮ್ಮಿಗೆ ಹೆಸರು ಸಿಕ್ಕಿದ್ದು ಊರಿನ ಊಟದ ಹೋಟೆಲಿನಿಂದ. ಕರಿದ ಕೋಳಿ, ಬೇಯಿಸಿದ ಸೊಪ್ಪು ಬಡಿಸುವ ವೀವರ್ ಡೀಸ್‌ನ ಫಲಕದ ಮೇಲಿದ್ದ 'ಆಟೋಮ್ಯಾಟಿಕ್ ಫಾರ್ ದ ಪೀಪಲ್' ಎಂಬ ಮಾತನ್ನು ಮಾಲೀಕರ ಒಪ್ಪಿಗೆ ಕೇಳಿಯೇ ಬಳಸಿಕೊಂಡರು.

ತಂಡದ ಒಳಗೂ ಇದೇ ನ್ಯಾಯ. ಯಾರು ರಾಗ ಹಾಕಲಿ, ಯಾರು ಪದ ಕಟ್ಟಲಿ, ಹಾಡಿನ ಕರ್ತೃಗಳೆಂದು ನಾಲ್ವರ ಹೆಸರೂ ಸಮನಾಗಿ ಬರುತ್ತಿತ್ತು. ಹಾಡಿನ ದುಡ್ಡಿಗಾಗಿ ಎಷ್ಟೋ ತಂಡಗಳು ಒಡೆದುಹೋಗಿರುವಾಗ, ಇವರು ಮೂರು ದಶಕ ಉಳಿದದ್ದಕ್ಕೆ ಈ ಏರ್ಪಾಡೇ ದೊಡ್ಡ ಕಾರಣವೆನಿಸುತ್ತದೆ.

1995ರ ಮಾರ್ಚ್ 1ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ವೇದಿಕೆಯ ಮೇಲೇ ಬೆರಿಯ ಮಿದುಳಿನ ರಕ್ತನಾಳ ಒಡೆಯಿತು. ಚೇತರಿಸಿಕೊಂಡ, ಆದರೆ ತಿರುಗಾಟ ಸಾಕೆನಿಸಿ 1997ರಲ್ಲಿ ತಂಡ ಬಿಟ್ಟ, ಅಥೆನ್ಸಿನ ಹತ್ತಿರ ಹುಲ್ಲು ಬೆಳೆಯುವ ರೈತನಾದ. ತನ್ನಿಂದಾಗಿ ತಂಡ ನಿಲ್ಲಬಾರದೆಂಬುದು ಅವನ ಷರತ್ತಾಗಿತ್ತು. ಉಳಿದ ಮೂವರು ಅದನ್ನು ನಡೆಸಿಕೊಟ್ಟು, 2011ರಲ್ಲಿ ಜಗಳವಿಲ್ಲದೆ ತಂಡ ಮುಗಿಸಿದರು. 2025ರ ಫೆಬ್ರುವರಿಯಲ್ಲಿ ನಟ ಮೈಕೆಲ್ ಶಾನನ್ ಬಳಗ '40 ವಾಟ್'ನಲ್ಲಿ ಇವರ ಹಾಡುಗಳನ್ನು ಹಾಡುತ್ತಿದ್ದಾಗ, ಬೆರಿಯೂ ಸೇರಿ ನಾಲ್ವರೂ ವೇದಿಕೆ ಹತ್ತಿ 'ಪ್ರಿಟಿ ಪರ್ಸ್ವೇಷನ್'ಗೆ ದನಿಗೂಡಿಸಿದರು.