ಗಂಧದ ಸೋಪಿನಲ್ಲಿ ನಿಸರ್ಗವೆಷ್ಟು, ರಸಾಯನವೆಷ್ಟು?

ಮುಂಬೈಯಲ್ಲಿರಲಿ, ದೆಹಲಿಯಲ್ಲಿರಲಿ, ಕನ್ನಡದವರ ಬಚ್ಚಲುಮನೆಯಲ್ಲಿ ಮೈಸೂರು ಸ್ಯಾಂಡಲ್ ಸೋಪು ಕಂಡರೆ ಯಾರಿಗೂ ಆಶ್ಚರ್ಯವಾಗದು. ಈಗಂತೂ ಮೈಗೆ ಹಚ್ಚುವ ಡಬ್ಬಿ ಡಬ್ಬಿಯ ಮೇಲೂ ‘ನೈಸರ್ಗಿಕ’ ಎಂಬ ಮಾತಿದೆ, ಪಕ್ಕದಲ್ಲಿ ‘ಕೆಮಿಕಲ್ ಇಲ್ಲ’ ಎಂಬ ಭರವಸೆಯಿದೆ. ಆ ಮಾತಿಗೆ ನಮ್ಮ ಗಂಧದ ಸೋಪಿನ ಚರಿತ್ರೆಯೇ ಒಳ್ಳೆಯ ಒರೆಗಲ್ಲು.

1914ರವರೆಗೆ ಮೈಸೂರು ಸಂಸ್ಥಾನ ಶ್ರೀಗಂಧದ ಕೊರಡುಗಳನ್ನು ಹರಾಜು ಹಾಕುತ್ತಿತ್ತು. ಕೊಂಡವರು ಯುರೋಪಿಗೆ, ಅದರಲ್ಲೂ ಜರ್ಮನಿಗೆ, ಸಾಗಿಸುತ್ತಿದ್ದರು. ಎಣ್ಣೆ ಇಳಿಸುವ ಕಸುಬು ಅಲ್ಲಿತ್ತು, ಲಾಭವೂ ಅಲ್ಲೇ ಉಳಿಯುತ್ತಿತ್ತು. ಮೊದಲ ಮಹಾಯುದ್ಧ ಶುರುವಾದಾಗ ಆ ದಾರಿ ಮುಚ್ಚಿ, ಗಂಧ ಇಲ್ಲೇ ರಾಶಿ ಬಿತ್ತು. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರೂ ಸಂಸ್ಥಾನದ ಕೈಗಾರಿಕೆಗಳ ಹೊಣೆ ಹೊತ್ತಿದ್ದ ಆಲ್‌ಫ್ರೆಡ್ ಚಾಟರ್‌ಟನ್ ಅವರೂ ಎಣ್ಣೆಯನ್ನು ಇಲ್ಲೇ ತೆಗೆಯಲು ಮುಂದಾದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಬಟ್ಟಿ ಇಳಿಸುವ ಕ್ರಮವನ್ನು ಸಿದ್ಧಪಡಿಸಿದರು. 1916ರಲ್ಲಿ ಎಣ್ಣೆ ಹೊರಬಂತು. ಸೋಪಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಮುಂದೆ ಜನ ಅವರನ್ನು ‘ಸೋಪ್ ಶಾಸ್ತ್ರಿ’ ಎಂದೇ ಕರೆದರು.

ಸಾಣೆಕಲ್ಲಿನ ಮೇಲೆ ತೇಯ್ದ ಗಂಧಕ್ಕೂ ಬಿಲ್ಲೆಯಾಗಿ ಬಂದ ಗಂಧಕ್ಕೂ ನಡುವೆ ಒಂದು ಕಾರ್ಖಾನೆಯೇ ಇದೆ. ಕೊಬ್ಬು ಅಥವಾ ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿದಾಗ ಸೋಪು ಮತ್ತು ಗ್ಲಿಸರಿನ್ ಹುಟ್ಟುತ್ತವೆ. ಸೋಪು ಯಾವ ಮರದಲ್ಲೂ ಬಿಡುವುದಿಲ್ಲ. ನಾವು ‘ಅಪ್ಪಟ ನೈಸರ್ಗಿಕ’ ಎಂದು ಊರಿಂದ ತರಿಸಿಕೊಳ್ಳುವ ವಸ್ತು ರಸಾಯನಶಾಸ್ತ್ರದ ಕೂಸು.

ಅದರೊಳಗಿನ ಎಣ್ಣೆ ಮಾತ್ರ ಮರದ್ದೇ. ಆ ಮರ ಕೊಟ್ಟ ಬೆಲೆ ಸಣ್ಣದಲ್ಲ. ಎಣ್ಣೆ ಇರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ. ಆದ್ದರಿಂದ ಶ್ರೀಗಂಧವನ್ನು ಕಡಿಯುವುದಕ್ಕಿಂತ ಬೇರುಸಮೇತ ಕೀಳುವುದೇ ರೂಢಿ. ಚೇಗು ಬಲಿಯಲು ದಶಕಗಳು ಬೇಕು. ಕೊಡಗಿನಲ್ಲಿ 1899ರಲ್ಲಿ ವರದಿಯಾದ ಸ್ಪೈಕ್ ರೋಗ ಕಾಡುಗಳನ್ನು ಹಾಳುಮಾಡಿತು, ಕಳ್ಳಸಾಗಣೆ ಉಳಿದದ್ದನ್ನು ತಿಂದಿತು. ರೈತನ ಹೊಲದಲ್ಲಿ ಹುಟ್ಟಿದ ಗಂಧದ ಮರವೂ ಬಹುಕಾಲ ಸರ್ಕಾರದ್ದಾಗಿತ್ತು. ತನ್ನದಲ್ಲದ ಮರವನ್ನು ಯಾರು ಕಾಯುತ್ತಾರೆ? ಕರ್ನಾಟಕ ತನ್ನ ಅರಣ್ಯ ಕಾಯ್ದೆ ತಿದ್ದಿ, ಜಮೀನಿನವನಿಗೇ ಮರದ ಒಡೆತನ ಕೊಟ್ಟದ್ದು 2001ರಲ್ಲಿ. ಅಷ್ಟರಲ್ಲಿ, 1998ರಲ್ಲೇ, ಶ್ರೀಗಂಧ ಅಳಿವಿನ ಭೀತಿಯಿರುವ ಗಿಡಮರಗಳ ಜಾಗತಿಕ ಕೆಂಪು ಪಟ್ಟಿ ಸೇರಿತ್ತು.

ಮರ ವಿರಳವಾದಂತೆ ಎಣ್ಣೆ ದುಬಾರಿಯಾಯಿತು, ಪರಿಮಳದ ಉದ್ಯಮ ಬೇರೆ ದಾರಿ ಹುಡುಕಿತು. ಗಂಧದ ವಾಸನೆಗೆ ಮುಖ್ಯ ಕಾರಣ ಆಲ್ಫಾ ಮತ್ತು ಬೀಟಾ ಸ್ಯಾಂಟಲಾಲ್ ಎಂಬ ಅಣುಗಳು. ಇವನ್ನು ಪ್ರಯೋಗಾಲಯದಲ್ಲಿ ಕಟ್ಟಬಹುದು, ಆದರೆ ಹಂತಗಳು ಹಲವು, ಖರ್ಚು ಹೆಚ್ಚು. ಹಾಗಾಗಿ ರಸಾಯನಶಾಸ್ತ್ರಜ್ಞರು ರಚನೆಯಲ್ಲಿ ಬೇರೆಯಾದರೂ ಮೂಗಿಗೆ ಗಂಧವೆನಿಸುವ ಅಣುಗಳನ್ನು ರೂಪಿಸಿದರು. ಜಿವೊಡಾನ್ ಕಂಪನಿಯ ಸ್ಯಾಂಡಲೋರ್ ಅಂಥದ್ದೊಂದು. ಈ ಬಗೆಯ ಹಲವು ಅಣುಗಳಿಗೆ ಕಚ್ಚಾವಸ್ತು ಪೈನ್ ಮರದ ಟರ್ಪೆಂಟೈನ್. ನೈಸರ್ಗಿಕವೆಂಬ ಸೋಪಿನಲ್ಲಿ ಕಾಸ್ಟಿಕ್ ಸೋಡಾದ ಕೆಲಸವಿದ್ದರೆ, ಕೃತಕವೆಂಬ ಪರಿಮಳದ ಮೂಲದಲ್ಲಿ ಒಂದು ಮರವಿದೆ.

ಹಾಗಾದರೆ ಚರ್ಮಕ್ಕೆ ಯಾವುದು ಹಿತ? ಚರ್ಮ ಅಣುವಿನ ಊರು ಕೇಳುವುದಿಲ್ಲ. ಅಣು ಯಾವುದು, ಎಷ್ಟು ಪ್ರಮಾಣ ಎಂಬುದಷ್ಟೇ ಅದಕ್ಕೆ ಗೊತ್ತು. ಅಪ್ಪಟ ಶ್ರೀಗಂಧದ ಎಣ್ಣೆಯೂ ಕೆಲವರಿಗೆ ತುರಿಕೆ, ಅಲರ್ಜಿ ತರುತ್ತದೆ. ಚರ್ಮರೋಗ ವೈದ್ಯರು ಅಲರ್ಜಿ ಪತ್ತೆಗೆ ಬೆನ್ನಿಗೆ ಅಂಟಿಸುವ ಪಟ್ಟಿಗಳಲ್ಲಿ ಗಂಧದ ಎಣ್ಣೆಯನ್ನೂ ಬಳಸುವುದುಂಟು. ಕೃತಕ ಪರಿಮಳಗಳಲ್ಲೂ ಅಲರ್ಜಿ ತರುವಂಥವಿವೆ. ಎರಡರಲ್ಲೂ ಹೆಸರು ನೋಡಿ ತೀರ್ಮಾನಿಸುವಂತಿಲ್ಲ.

ಈಚೆಗೆ ಈ ಗೆರೆ ಇನ್ನಷ್ಟು ಮಸುಕಾಗಿದೆ. ಸಕ್ಕರೆಯನ್ನು ಸೂಕ್ಷ್ಮಜೀವಿಗಳಿಗೆ ಉಣಿಸಿ, ಹುದುಗಿಸಿ, ಸ್ಯಾಂಟಲಾಲನ್ನೇ ಪಡೆಯುತ್ತಿದ್ದಾರೆ. ಅಣು ಮರದ್ದೇ, ಮರ ಮಾತ್ರ ಇಲ್ಲ. ಇದನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ?

ಗಂಧದ ಸೋಪಿನ ಮೇಲಿನ ನಮ್ಮ ಪ್ರೀತಿಗೆ ಇದರಿಂದ ಕುಂದಿಲ್ಲ. ಯುದ್ಧದ ಇಕ್ಕಟ್ಟಿನಲ್ಲಿ ಒಂದು ಸಂಸ್ಥಾನ ತನ್ನ ಕಚ್ಚಾಮಾಲನ್ನು ತಾನೇ ಹದಮಾಡಲು ಕಲಿತದ್ದು ಹೆಮ್ಮೆಯ ಸಂಗತಿ. ಆದರೆ ಆ ಹೆಮ್ಮೆ ರಸಾಯನಶಾಸ್ತ್ರಕ್ಕೂ ಸಲ್ಲಬೇಕು. ಡಬ್ಬಿ ಕೈಗೆತ್ತಿಕೊಂಡಾಗ ‘ನೈಸರ್ಗಿಕವೋ ಕೃತಕವೋ’ ಎಂದು ಕೇಳುವ ಬದಲು, ನನ್ನ ಚರ್ಮಕ್ಕೆ ಒಗ್ಗುತ್ತದೆಯೇ, ಎಣ್ಣೆ ಯಾವ ಮರದಿಂದ ಬಂತು, ಅದನ್ನು ಬೆಳೆದವನಿಗೆ ಬೆಲೆ ಸಿಕ್ಕಿತೇ ಎಂದು ಕೇಳಿದರೆ ಮರಕ್ಕೂ ಒಳಿತು, ಮೈಗೂ ಒಳಿತು.